ವಾರಕ್ಕೆರಡು ಗ್ರಹಣ

ಮುಲುಂಡ್ ಪಶ್ಚಿಮ
14 ಸೆಪ್ಟೆಂಬರ್ 2025

ಪ್ರೀತಿಯ ಸೈಮಾ,

ನೀನು ಬ್ರಸೆಲ್ಸಿನಲ್ಲಿ ಕೂತು ಆ ಸೂರ್ಯನನ್ನು ಏನು ಬೇಕಾದರೂ ಮಾಡಿಕೊ, ನನ್ನದೇನೂ ತಕರಾರಿಲ್ಲ. ಆದರೆ ನಿನ್ನ ಭಾಬಿಯ ಮೇಲೆ ಸ್ವಲ್ಪ ಕರುಣೆ ಇರಲಿ.

ಫೋನಿನಲ್ಲಿ ಹೇಳೋಣವೆಂದರೆ, ನಿನ್ನ ಫೋನು ಬಂದ ಕೂಡಲೇ ಅಮ್ಮಿ ಅದನ್ನು ಸ್ಪೀಕರಿಗೆ ಹಾಕಿ ಟೀಪಾಯಿಯ ನಡುವೆ ಇಡುತ್ತಾರೆ. ನನ್ನ ವಾಟ್ಸಾಪನ್ನು ನಿನ್ನ ಅಣ್ಣ ಇಜಾಜ ತನ್ನದೆಂದೇ ತಿಳಿದುಕೊಂಡಿದ್ದಾನೆ. ಈ ಮನೆಯಲ್ಲಿ ಯಾರೂ ಇಣುಕಿ ನೋಡದ ಜಾಗವೆಂದರೆ ಈಮೇಲ್ ಒಂದೇ. ಅದಕ್ಕೇ ಹೀಗೆ ಕಾಗದ ಬರೆದ ಹಾಗೆ ಬರೆಯುತ್ತಿದ್ದೇನೆ. ಸಿಂದಗಿಯ ಕನ್ನಡ ಶಾಲೆಯಲ್ಲಿ ಕಲಿತದ್ದು ಒಂದಕ್ಕಾದರೂ ಬಳಕೆಯಾಗಲಿ.

ನಡೆದದ್ದು ಇಷ್ಟು. ಶುಕ್ರವಾರ ಸಂಜೆ ಟಿವಿಯಲ್ಲಿ ನಿನ್ನ ಸುದ್ದಿ ಬಂತು. ಯಾವುದೋ ಹಿಂದಿ ಚಾನೆಲ್. ಹಿಂದೆ ಭೂತದ ಸಿನಿಮಾದ ಸಂಗೀತ, ಮುಂದೆ ಬೆಂಕಿ ಕಾರುವ ಸೂರ್ಯ, ಮೂಲೆಯಲ್ಲಿ ನಿನ್ನ ಪಾಸ್‌ಪೋರ್ಟ್ ಫೋಟೊ. "ಮುಂಬೈಯ ಮಗಳು ಆಕಾಶದಲ್ಲಿ ಗ್ರಹಣ ಹಿಡಿಸುತ್ತಾಳೆ, ಅದೂ ವಾರಕ್ಕೆ ಎರಡೆರಡು!" ಎಂದು ಆ ಹುಡುಗ ಕಿರುಚಿದ. ಅಬ್ಬಾ ರಿಪೇರಿ ಮಾಡುತ್ತಿದ್ದ ಗಿರಾಕಿಯ ಮಿಕ್ಸರ್ ಕೆಳಗಿಟ್ಟು ಎದ್ದು ನಿಂತರು. ಇಜಾಜ ಸೀಟಿ ಹೊಡೆದ. ಅಮ್ಮಿ ಮೊದಲು ಕಣ್ಣೊರೆಸಿಕೊಂಡರು, ಆಮೇಲೆ ನನ್ನ ಹೊಟ್ಟೆ ನೋಡಿದರು, ಆಮೇಲೆ ನನ್ನ ಕೈಯಲ್ಲಿದ್ದ ಕತ್ತರಿ ನೋಡಿದರು. ನಾನು ಗಿರಾಕಿಯೊಬ್ಬರ ಸೀರೆಗೆ ಫಾಲ್ ಹಚ್ಚುತ್ತಿದ್ದೆ.

"ಮನ್ಯಾಗ ಐದು ತಿಂಗಳ ಬಸುರಿ ಅದಾಳ. ಸೈಮಾಗ ಗ್ರಹಣ ಮಾಡಂತ ಯಾರ ಹೇಳಿದ್ರು?" ಎಂದರು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನಿನ್ನ ಅಣ್ಣ ಮಹಾ ಬುದ್ಧಿವಂತನಲ್ಲವೇ, ಮುಂದಿನ ಗ್ರಹಣ ಯಾವಾಗ ಎಂಬುದನ್ನು ನಿಮ್ಮ ವೆಬ್‌ಸೈಟಿನಲ್ಲೇ ಹುಡುಕಿ ಓದಿ ಹೇಳಿದ. ನಿನ್ನೆ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ನಾನು ಮಂಚದ ಮೇಲೆ ನೆಟ್ಟಗೆ ಮಲಗಿದ್ದೆ. ಚಾಕು, ಕತ್ತರಿ, ಸೂಜಿ ಮುಟ್ಟುವ ಹಾಗಿಲ್ಲ. ಕೈಕಾಲು ಮಡಚುವ ಹಾಗಿಲ್ಲ, ಮಗುವಿನದೂ ಹಾಗೇ ಮಡಚಿಕೊಳ್ಳುತ್ತದಂತೆ. ಕಿಟಕಿಗೆ ಎರಡು ಪದರ ಚಾದರ. ನಡುವೆ ಮೂಗು ತುರಿಸಿತು. ಅಮ್ಮಿಯನ್ನು ಕೂಗಿದೆ. ಅವರು ಬಂದು ತುರಿಸಿ ಹೋದರು.

ಅಮ್ಮಿಯ ಮೊಣಕಾಲಿನ ಕತೆ ನಿನಗೆ ಗೊತ್ತೇ ಇದೆ, ಹಾಗಾಗಿ ಅಡುಗೆ ಅಬ್ಬಾ ಮತ್ತು ಇಜಾಜರ ಪಾಲಿಗೆ ಬಂತು. ಅವರು ಮಾಡಿದ್ದಕ್ಕೆ ಹೆಸರಿಲ್ಲ. ಇಜಾಜ ಅದನ್ನು ಪುಲಾವ್ ಎಂದ, ಅಬ್ಬಾ ದಾಲ್ ಎಂದರು. ದಯವಿಟ್ಟು ಬರುವ ಭಾನುವಾರದ ಫೋನಿನಲ್ಲಿ ಅಮ್ಮಿಗೆ ವಿಜ್ಞಾನ ತಿಳಿಸಿ ಹೇಳು. ಬೇಗ.

ನೆಟ್ಟಗೆ ಮಲಗಿ ಬೆನ್ನು ಹಿಡಿದುಕೊಂಡ ನಿನ್ನ
ಬುಷರಾ ಭಾಬಿ


ಬ್ರಸೆಲ್ಸ್
17 ಸೆಪ್ಟೆಂಬರ್ 2025

ಪ್ರೀತಿಯ ಭಾಬಿ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಓದಿ ನಕ್ಕದ್ದಕ್ಕೆ ಪಕ್ಕದ ಮೇಜಿನ ಪೋಲೆಂಡಿನ ಯಾನುಷ್ ಎದ್ದು ಬಂದು ನೀರು ಕೊಟ್ಟ. ಆಮೇಲೆ ನಿಮ್ಮ ಬೆನ್ನು ನೆನಪಾಗಿ ನಗು ನಿಂತಿತು. ಕ್ಷಮಿಸಿ.

ಮೊದಲನೆಯದಾಗಿ, ಗ್ರಹಣ ಹಿಡಿಸುವವಳು ನಾನಲ್ಲ. ಹನ್ನೆರಡು ದೇಶದವರು ಸೇರಿ ಮಾಡಿದ ಕೆಲಸ ಇದು. ನಮ್ಮ ದೇಶದ ರಾಕೆಟ್, ಯುರೋಪಿನ ಉಪಗ್ರಹಗಳು, ಒಬ್ಬರ ಕ್ಯಾಮೆರಾ, ಇನ್ನೊಬ್ಬರ ಗಣಿತ. ನಾನು ಬಂದ ಚಿತ್ರಗಳಲ್ಲಿನ ಕಲೆ ಒರೆಸುವವಳು, ಅಷ್ಟೆ. ಆ ಚಾನೆಲ್‌ನವರಿಗೆ ನನ್ನ ಫೋಟೊ ಯಾರು ಕೊಟ್ಟರೋ ಗೊತ್ತಿಲ್ಲ, ಅಬ್ಬಾನ ಮೇಲೆ ನನಗೆ ಅನುಮಾನ.

ಎರಡನೆಯದು, ನೆರಳಿನ ವಿಷಯ. ಎರಡು ಉಪಗ್ರಹಗಳು ಒಂದರ ಹಿಂದೆ ಒಂದು ಹಾರುತ್ತವೆ. ನಡುವೆ ನಮ್ಮ ಸೊಸೈಟಿಯ ಗೇಟಿನಿಂದ ತರಕಾರಿ ಗಾಡಿಯವರೆಗಿನಷ್ಟು ದೂರ. ಮುಂದಿನದರಲ್ಲಿ ಮದುವೆ ಅಡುಗೆಯ ಪರಾತದಷ್ಟು ದೊಡ್ಡ ತಟ್ಟೆಯಿದೆ. ಅದು ಸೂರ್ಯನನ್ನು ಮುಚ್ಚುತ್ತದೆ, ಅದರ ನೆರಳು ಹಿಂದಿನ ಉಪಗ್ರಹದ ಕಣ್ಣಿನ ಮೇಲೆ ಬೀಳುತ್ತದೆ. ಆ ಕಣ್ಣಿಗೆ ಗ್ರಹಣ, ಬೇರೆ ಯಾರಿಗೂ ಅಲ್ಲ. ಬೀಳುವ ನೆರಳು ಒಂದು ಬಿಸ್ಕತ್ತಿನಷ್ಟು. ಅದು ಮುಲುಂಡಿನವರೆಗೆ ಬರುವ ಮಾತೇ ಇಲ್ಲ.

ಸೂರ್ಯನನ್ನು ಯಾಕೆ ಮುಚ್ಚಬೇಕು ಎಂದು ಕೇಳಿದರೆ, ಅವನ ಸುತ್ತ ಕರೋನ ಎಂಬ ತೆಳುವಾದ ಹೊರ ವಾತಾವರಣ ಇದೆ. ಸೂರ್ಯನ ಝಳದಲ್ಲಿ ಅದು ಕಾಣುವುದಿಲ್ಲ. ವಿಚಿತ್ರವೆಂದರೆ ಸೂರ್ಯನ ಮೈಗಿಂತ ಈ ಹೊರಗಿನ ಭಾಗವೇ ನೂರಾರು ಪಟ್ಟು ಹೆಚ್ಚು ಬಿಸಿ. ಒಲೆಯಿಂದ ದೂರ ಹೋದಷ್ಟೂ ಸೆಕೆ ಹೆಚ್ಚಾದ ಹಾಗೆ. ಯಾಕೆಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ನಾವೆಲ್ಲ ಇಲ್ಲಿ ಕೂತಿದ್ದೇವೆ.

ಭಾನುವಾರ ಒಂದು ಟಾರ್ಚು, ಎರಡು ಮುಚ್ಚಳ ಇಟ್ಟುಕೊಂಡು ವೀಡಿಯೊದಲ್ಲಿ ಅಮ್ಮಿಗೆ ತೋರಿಸುತ್ತೇನೆ. ಧೈರ್ಯವಾಗಿ ಕಾಲು ಮಡಚಿ.

ನಿಮ್ಮ
ಸೈಮಾ


ಮುಲುಂಡ್
20 ಸೆಪ್ಟೆಂಬರ್ 2025, ಅವಸರದಲ್ಲಿ

ಸೈಮಾ,

ನಾಳೆ ಬಾಯಿ ಬಿಡಬೇಡ. ಟಾರ್ಚು ಒಳಗಿಡು, ಮುಚ್ಚಳ ಪಾತ್ರೆಗೆ ಹಾಕು.

ಬುಧವಾರ ಎರಡನೇ ಗ್ರಹಣ ಇತ್ತು. ಹನ್ನೊಂದಕ್ಕೆ ಮಲಗಿದೆ. ಮೊದಲ ಸಲ ಗಾಬರಿಯಲ್ಲಿ ಎಚ್ಚರವಾಗೇ ಇದ್ದೆ, ಈ ಸಲ ನಿದ್ದೆ ಹತ್ತಿಬಿಟ್ಟಿತು. ಎದ್ದಾಗ ನಾಲ್ಕು ಗಂಟೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಹಗಲಿನಲ್ಲಿ ನಾಲ್ಕು ಗಂಟೆಯವರೆಗೆ ಮಲಗಿದ್ದು ಅದೇ ಮೊದಲು. ಕಾಲಿನ ಬಾವು ಇಳಿದಿತ್ತು. ಒಳಗಿನಿಂದ ಪಾತ್ರೆ ಸಪ್ಪಳ, ಅಬ್ಬಾ ಮತ್ತು ಇಜಾಜ ಜೀರಿಗೆ ಯಾವುದು ಸೋಂಪು ಯಾವುದು ಎಂದು ವಾದ ಮಾಡುತ್ತಿದ್ದರು. ನನಗೆ ಎಷ್ಟು ಸುಖವಾಯಿತೆಂದರೆ ಅಳು ಬಂತು.

ನಿನಗೊಬ್ಬಳಿಗೆ ಹೇಳುತ್ತೇನೆ. ಹೋದ ವರ್ಷ ಆರನೇ ತಿಂಗಳಲ್ಲಿ ನಮ್ಮ ಕೂಸು ಹೋಯಿತಲ್ಲ, ಆಗಲೇ ಡಾಕ್ಟರ್ ಹೇಳಿದ್ದರು, ಮುಂದಿನ ಸಲ ಹಗಲು ಹೊತ್ತು ಮಲಗಲೇಬೇಕು, ಹೆಚ್ಚು ನಿಲ್ಲಬಾರದು ಎಂದು. ಅದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಯಾರೂ ಬೇಡ ಅನ್ನುವವರಲ್ಲ. ಅಮ್ಮಿ ಈಗಲೂ "ಸ್ವಲ್ಪ ಮಲಕೊ ಹೋಗವಾ" ಅನ್ನುತ್ತಾರೆ. ಅಂದು, ಆ ಮೊಣಕಾಲು ಎಳೆದುಕೊಂಡು ತಾವೇ ಸಿಂಕಿನ ಮುಂದೆ ನಿಲ್ಲುತ್ತಾರೆ. ಆಗ ನಾನು "ಇರಲಿ ಅಮ್ಮಿ" ಅಂದು ಎದ್ದು ಬರುತ್ತೇನೆ. ಅವರು ನಿಂತಿರುವಾಗ ನಾನು ಮಲಗುವುದು ಹೇಗೆ? ಗಂಡಸರನ್ನು ಅಡುಗೆಮನೆಯೊಳಗೆ ಕರೆಯಬಹುದೆಂಬ ಯೋಚನೆ ನಮ್ಮಿಬ್ಬರಿಗೂ ಯಾವತ್ತೂ ಬಂದಿರಲಿಲ್ಲ. ಅವರನ್ನು ಒಳಗೆ ತಂದದ್ದು ನಿಮ್ಮ ಪರಾತ.

ಹಾಗಾಗಿ ನಾಳೆ ನೆರಳು, ಬಿಸ್ಕತ್ತು ಏನೂ ಬೇಡ. ನೀನು ಊಟ ಮಾಡಿದೆ, ಚಳಿಯಿದೆ, ಅಷ್ಟು ಹೇಳಿ ಇಟ್ಟುಬಿಡು. ಈ ಕೂಸು ನಿಲ್ಲಬೇಕು ಸೈಮಾ, ನನಗೆ ಬೇರೇನೂ ಬೇಡ.

ಬುಷರಾ


ಬ್ರಸೆಲ್ಸ್
22 ಸೆಪ್ಟೆಂಬರ್ 2025

ಪ್ರೀತಿಯ ಭಾಬಿ,

ನಿನ್ನೆ ನೀವೂ ಅಲ್ಲೇ ಕೂತಿದ್ದಿರಿ, ನಾನು ಎಷ್ಟು ಒದ್ದಾಡಿದೆನೆಂದು ನೋಡಿದ್ದೀರಿ. ಅಬ್ಬಾ ಈರುಳ್ಳಿ ಹೆಚ್ಚುತ್ತಲೇ ನೇರವಾಗಿ ಕೇಳಿಬಿಟ್ಟರು, "ಬೇಟಿ, ಆ ನೆರಳು ಖರೇನ ಇಲ್ಲಿತನಕ ಬರ್ತದೇನ?" ನನ್ನ ಕೈಯಲ್ಲಿ ಟಾರ್ಚು ಇತ್ತು, ಒಂದೇ ವಾಕ್ಯದಲ್ಲಿ ಅವರನ್ನು ಆ ಈರುಳ್ಳಿಯಿಂದ ಬಿಡಿಸಬಹುದಿತ್ತು. ಪುಣ್ಯಕ್ಕೆ ಅಮ್ಮಿ ನಡುವೆ ಬಾಯಿ ಹಾಕಿ, "ಅದೆಲ್ಲ ಆಮ್ಯಾಲ ಕೇಳ್ರಿ. ಹುಡುಗಿ ಸೊರಗಿದಂಗ ಕಾಣ್ತಾಳ, ಅಲ್ಲಿ ತಿನ್ನಾಕ ಏನ ಸಿಗ್ತದ ಕೇಳ್ರಿ ಮೊದಲ" ಎಂದರು. ಆಲೂಗಡ್ಡೆಯ ಮೇಲೆ ಹತ್ತು ನಿಮಿಷ ಮಾತಾಡಿ ಪಾರಾದೆ.

ಒಂದು ಮಾತು. ನಾನು ಸುಳ್ಳು ಹೇಳುವುದಿಲ್ಲ. ಕೇಳದ್ದನ್ನು ಹೇಳದೆ ಇರುತ್ತೇನೆ. ಗ್ರಹಣ ನಡೆಯುವುದು ನಿಜ, ಅದರ ವೇಳೆಯೂ ನಿಜ. ಮುಂದಿನದನ್ನು ಮುಲುಂಡಿನವರು ನೋಡಿಕೊಳ್ಳಲಿ.

ಹೋದ ವರ್ಷ ನಾನು ಪರೀಕ್ಷೆಯ ನೆಪ ಹೇಳಿ ಆಸ್ಪತ್ರೆಗೆ ಒಂದೇ ಸಲ ಬಂದಿದ್ದೆ. ಬಂದು ಏನು ಮಾತಾಡಬೇಕೆಂದು ತಿಳಿದಿರಲಿಲ್ಲ. ಈ ಸಲ ಚೆನ್ನಾಗಿ ಮಲಗಿ, ಭಾಬಿ.

ಸೈಮಾ


ಮುಲುಂಡ್
19 ಅಕ್ಟೋಬರ್ 2025

ಪ್ರೀತಿಯ ಸೈಮಾ,

ನಿಮ್ಮ ಕೆಲಸದಲ್ಲಿ ಶಿಸ್ತಿಲ್ಲ. ಹೋದ ವಾರದ ಗ್ರಹಣ ಒಂದು ರಾತ್ರಿ ಹನ್ನೆರಡಕ್ಕೆ, ಇನ್ನೊಂದು ಬೆಳಗಿನ ಜಾವಕ್ಕೆ. ಎಲ್ಲರೂ ಮಲಗಿರುವಾಗ ಗ್ರಹಣ ಮಾಡಿ ಯಾರಿಗೆ ಉಪಕಾರ? ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಬರುವ ಹಾಗೆ ಸ್ವಲ್ಪ ಈಚೆ ತರಲು ಆಗುತ್ತದಾ? ನಿಮ್ಮ ಮುಖ್ಯಸ್ಥೆಯನ್ನು ಕೇಳಿ ನೋಡು. ಹೆಣ್ಣುಮಗಳಂತೆ, ಅರ್ಥವಾದೀತು.

ಇಲ್ಲಿ ಸುದ್ದಿ ಬಹಳ ಇದೆ. ಮೂರನೇ ಮಹಡಿಯ ನಿಶ್ಮಿತಾ ಗೊತ್ತಲ್ಲ, ಉಡುಪಿ ಕಡೆಯವಳು, ಗಂಡ ಮಾಟುಂಗದ ಹೋಟೆಲಿನಲ್ಲಿ ಮ್ಯಾನೇಜರು. ಅವಳಿಗೂ ನಾಲ್ಕು ತಿಂಗಳು. ಒಂದು ದಿನ ಮಜ್ಜಿಗೆ ಕೇಳಲು ಬಂದವಳು, ನಾನು ಮಲಗಿದ್ದನ್ನೂ ಇಜಾಜ ಮೆಂತ್ಯ ಬಿಡಿಸುತ್ತಿದ್ದದ್ದನ್ನೂ ನೋಡಿ ಬಾಗಿಲಲ್ಲೇ ನಿಂತಳು. "ಇದೆಂಥ ಗ್ರಹಣ ಮಾರಾಯ್ತಿ? ನಮಗೂ ಆಗ್ತದಾ?" ಎಂದಳು. ಗ್ರಹಣಕ್ಕೆ ಜಾತಿ ಧರ್ಮ ಎಲ್ಲಿದೆ ಎಂದೆ. ಈಗ ಅವಳ ಗಂಡ ಇಡೀ ದಿನ ಮಾಟುಂಗದಲ್ಲಿ ಇನ್ನೂರು ದೋಸೆಯ ಉಸ್ತುವಾರಿ ಮಾಡಿ ಬಂದು ಇಲ್ಲಿ ಮತ್ತೆ ದೋಸೆ ಹುಯ್ಯುತ್ತಿದ್ದಾನೆ.

ಅಲ್ಲಿಂದ ಸುದ್ದಿ ಬಿ ವಿಂಗಿಗೆ ಹೋಯಿತು. ನಮ್ಮ ಸೊಸೈಟಿಯ ಸೆಕ್ರೆಟರಿ ಗುರುಪಾದ ಅವರು ನಿಮ್ಮ ವೇಳಾಪಟ್ಟಿಯನ್ನು ಪ್ರಿಂಟ್ ತೆಗೆದು, ನೀರಿನ ಟ್ಯಾಂಕು ತೊಳೆಯುವ ನೋಟಿಸಿನ ಪಕ್ಕ ಅಂಟಿಸಿದ್ದಾರೆ. ಕೆಳಗೆ ಸೊಸೈಟಿಯ ಸೀಲು. ಈಗ ನಿಮ್ಮ ಹನ್ನೆರಡು ದೇಶದ ಕೆಲಸಕ್ಕೆ ಸುಖಸಾಗರ ಸೊಸೈಟಿಯ ಮಂಜೂರಾತಿಯೂ ಇದೆ.

ಅಬ್ಬಾ ಮಾತ್ರ ಸುಮ್ಮನೆ ಕೂರಲಿಲ್ಲ. ಶುಕ್ರವಾರ ನಮಾಜಿನ ನಂತರ ಮೌಲಾನಾ ಅವರನ್ನು ಕೇಳಿದರಂತೆ. ಅವರು ಸ್ಪಷ್ಟವಾಗಿ ಹೇಳಿದರು: ಗ್ರಹಣ ಯಾರ ಹುಟ್ಟಿಗೂ ಸಾವಿಗೂ ಆಗುವುದಲ್ಲ, ಕಂಡಾಗ ನಮಾಜು ಮಾಡಬೇಕು ಅಷ್ಟೆ, ಮಷಿನ್ನು ಮಾಡಿದ್ದಕ್ಕೆ ಅದೂ ಬೇಕಿಲ್ಲ. ಅಬ್ಬಾ ಗೆದ್ದವರ ಹಾಗೆ ಮನೆಗೆ ಬಂದು ಇದನ್ನು ಹೇಳಿದರು. ಅಮ್ಮಿ ಪೂರ್ತಿ ಕೇಳಿ, "ಮೌಲಾನಾ ಹೇಳಿದ್ದು ಬರೋಬ್ಬರಿ ಅದ. ಅದು ದೀನು-ಧರ್ಮದ ಮಾತು. ಇದು ಬಸುರಿನ ಮಾತು, ಅವರಿಗೇನ ಗೊತ್ತು? ಬದನಿಕಾಯಿ ಹೆಚ್ಚರಿ" ಎಂದರು. ಅಬ್ಬಾ ಹೆಚ್ಚಿದರು. ಈಗೀಗ ಅವರ ಬದನೆಕಾಯಿ ಪಲ್ಯ ಚೆನ್ನಾಗಿಯೇ ಆಗುತ್ತಿದೆ ಎಂದು ಒಪ್ಪಲೇಬೇಕು. ಇಜಾಜನ ರೊಟ್ಟಿ ಮಾತ್ರ ಇನ್ನೂ ಮಹಾರಾಷ್ಟ್ರದ ನಕಾಶೆ.

ಬುಷರಾ


ಬ್ರಸೆಲ್ಸ್
27 ಅಕ್ಟೋಬರ್ 2025

ಪ್ರೀತಿಯ ಭಾಬಿ,

ಗ್ರಹಣವನ್ನು ಈಚೆ ತರಲು ಆಗುವುದಿಲ್ಲ. ಉಪಗ್ರಹಗಳಿಗೆ ಭೂಮಿಯನ್ನು ಒಂದು ಸುತ್ತು ಹಾಕಲು ಒಂದು ದಿನಕ್ಕಿಂತ ಸ್ವಲ್ಪ ಕಡಿಮೆ ಹೊತ್ತು ಹಿಡಿಯುತ್ತದೆ, ಹಾಗಾಗಿ ವೇಳೆ ಸರಿಯುತ್ತಲೇ ಇರುತ್ತದೆ. ಅದನ್ನು ಬದಲಿಸಬೇಕೆಂದರೆ ಸಮಿತಿಯ ಒಪ್ಪಿಗೆ ಬೇಕು. ನಮ್ಮ ಸಮಿತಿ ಬಿಸ್ಕತ್ತಿನ ಡಬ್ಬಿ ಯಾವ ಕೋಣೆಯಲ್ಲಿರಬೇಕೆಂದು ತೀರ್ಮಾನಿಸಲು ಎರಡು ಸಭೆ ತೆಗೆದುಕೊಂಡಿತು.

ಆದರೆ ಇಲ್ಲಿ ಬೇರೆಯೇ ಒಂದು ಫಜೀತಿ ಆಯಿತು. ನಮ್ಮ ವೆಬ್‌ಸೈಟನ್ನು ಯಾವ ಊರಿನವರು ಎಷ್ಟು ನೋಡುತ್ತಾರೆ ಎಂಬ ಲೆಕ್ಕವನ್ನು ಸೋಮವಾರದ ಸಭೆಯಲ್ಲಿ ಹಾಕುತ್ತಾರೆ. ಹೋದ ಸೋಮವಾರ ಗೋಡೆಯ ಮೇಲೆ ಪ್ಯಾರಿಸ್ಸು, ಮ್ಯಾಡ್ರಿಡ್ಡು ಎಲ್ಲ ಕೆಳಗೆ, ಎಲ್ಲಕ್ಕಿಂತ ಮೇಲೆ ಮುಲುಂಡ್. ಕೋಣೆ ತುಂಬ ಚಪ್ಪಾಳೆ. ಜಗತ್ತಿನಲ್ಲಿ ಕರೋನದ ಬಗ್ಗೆ ಇಷ್ಟು ಆಸಕ್ತಿ ಇರುವ ಬಡಾವಣೆ ಇನ್ನೊಂದಿಲ್ಲ, ಅಲ್ಲಿನ ಜನರೊಡನೆ ವೀಡಿಯೊ ಸಂದರ್ಶನ ಮಾಡೋಣ ಎಂದು ಸ್ಪೇನಿನವರು ಎದ್ದು ನಿಂತರು. ನಾನು ಮೇಜಿನ ಕೆಳಗೆ ಹೋಗುವುದೊಂದು ಬಾಕಿ.

ಸಭೆ ಮುಗಿದ ಮೇಲೆ ನಮ್ಮ ಮುಖ್ಯಸ್ಥೆ ಮಾರ್ತೆಯ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಮಾರ್ತೆ ನಗುವ ಹೆಂಗಸಲ್ಲ, ಅವರಿಗೆ ಅರವತ್ತು, ಮೂವತ್ತು ವರ್ಷದಿಂದ ಕರೋನ ಬಿಟ್ಟು ಬೇರೇನೂ ಮಾತಾಡಿಲ್ಲ. ಪೂರ್ತಿ ಕೇಳಿದರು. "ನಿನ್ನ ಅತ್ತಿಗೆಗೆ ಎಷ್ಟು ವಾರ?" ಎಂದರು. ಹೇಳಿದೆ. ಕಿಟಕಿಯ ಹೊರಗೆ ನೋಡುತ್ತಾ, "ನನಗೆ ಅವಳಿಗಳಾಗುವ ಹಿಂದಿನ ದಿನವೂ ನಾನು ದೂರದರ್ಶಕದ ಮುಂದೆ ನಿಂತಿದ್ದೆ. ನನಗಾಗಿ ಯಾರೂ ಗ್ರಹಣ ಮಾಡಲಿಲ್ಲ" ಎಂದರು.

ಸಂದರ್ಶನ ರದ್ದಾಯಿತು. ಮರುದಿನ ವೇಳಾಪಟ್ಟಿಯಲ್ಲಿ ಯುರೋಪಿನ ಸಮಯದ ಪಕ್ಕದಲ್ಲೇ ಮುಂಬೈ ಸಮಯ ಬಂದಿದೆ, ನೋಡಿ. ನಡಾವಳಿಯಲ್ಲಿ ಕಾರಣ ಎಂಬಲ್ಲಿ "ಸ್ಥಳೀಯ ಬೇಡಿಕೆ" ಎಂದು ಬರೆದಿದ್ದಾರೆ. ಹನ್ನೆರಡೂ ದೇಶದವರು ಚಕಾರವೆತ್ತದೆ ಸಹಿ ಹಾಕಿದರು.

ಸೈಮಾ


ಮುಲುಂಡ್
30 ನವೆಂಬರ್ 2025

ಪ್ರೀತಿಯ ಸೈಮಾ,

ಆರನೇ ತಿಂಗಳು ದಾಟಿ ಏಳೂ ಮುಗಿಯಿತು. ಹೋದ ವರ್ಷ ನಿಂತುಹೋದ ಜಾಗವನ್ನು ದಾಟುವ ವಾರ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಇಜಾಜನೂ ಅಷ್ಟೆ. ಅವನು ಎಸಿ ರಿಪೇರಿಗೆ ಹೋದವನು ನಡುನಡುವೆ ಫೋನು ಮಾಡಿ "ಏನಿಲ್ಲ, ಸುಮ್ನ ಮಾಡಿದೆ" ಎಂದು ಇಡುತ್ತಿದ್ದ. ಈಗ ಕೂಸು ಒಳಗಿನಿಂದ ಒದೆಯುವುದು ನೋಡಿದರೆ, ಇದಕ್ಕೆ ನೆಟ್ಟಗೆ ಮಲಗುವ ನಿಯಮ ಯಾರೂ ಹೇಳಿಲ್ಲ ಎಂದು ಕಾಣುತ್ತದೆ. ನನಗೆ ಎಷ್ಟು ಸಂತೋಷ ಎಂದು ಬರೆಯಲು ಭಯವಾಗುತ್ತದೆ. ಆದರೂ ಬರೆಯುತ್ತೇನೆ, ಬಹಳ ಸಂತೋಷ.

ಡಾಕ್ಟರ್ ತೂಕ ನೋಡಿ ಮೆಚ್ಚಿದರು. ಇನ್ನು ಕೊನೆಯ ಎರಡು ತಿಂಗಳೇ ಮುಖ್ಯ, ಈಗಿನ ಹಾಗೇ ಮಲಗುವುದನ್ನು ಬಿಡಬೇಡಿ ಎಂದರು. ಅಷ್ಟೊಂದು ಶಿಸ್ತಾಗಿ ಹೇಗೆ ಪಾಲಿಸುತ್ತೀರಿ ಎಂದು ಕೇಳಿದರು. "ಮನೆಯವರು ಬಹಳ ಒಳ್ಳೆಯವರು" ಎಂದೆ. ಪಕ್ಕದಲ್ಲಿ ಅಮ್ಮಿ ಕೂತಿದ್ದರು, ಪರ್ಸಿನೊಳಗೆ ಏನನ್ನೋ ಹುಡುಕತೊಡಗಿದರು.

ಗುರುಪಾದ ಅವರು ಗಂಡಸರಿಗಾಗಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ್ದಾರೆ. ಹೆಸರು "ಗ್ರಹಣ ಕಮಿಟಿ". ಅದರಲ್ಲಿ ಬರೀ ಸಾಸಿವೆ ಸಿಡಿಯುವ ಮೊದಲು ಕರಿಬೇವು ಹಾಕಬೇಕೋ ಆಮೇಲೋ ಎಂಬ ಜಗಳ. ನೀನು ಹೇಳಿದ್ದ ಕರೋನದ ವಿಷಯ ಅಮ್ಮಿಗೆ ಹೇಳಿದೆ, ಒಲೆಯಿಂದ ದೂರ ಹೋದಷ್ಟೂ ಬಿಸಿ ಹೆಚ್ಚು ಎಂದು. "ಅದ್ರಾಗ ಏನ ವಿಚಿತ್ರ? ನಮ್ಮ ಮನ್ಯಾಗೂ ಒಲಿ ಮುಂದಿನವರು ತಣ್ಣಗ ಇರ್ತಾರ, ಹಾಲಿನ್ಯಾಗ ಕುಂತವರೇ ಬಿಸಿ" ಎಂದರು.

ಬುಷರಾ


ಬ್ರಸೆಲ್ಸ್
30 ಡಿಸೆಂಬರ್ 2025

ಪ್ರೀತಿಯ ಭಾಬಿ,

ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ. ಗ್ರಹಣ ನಿಂತಿದೆ.

ಯಾವುದೂ ಕೆಟ್ಟಿಲ್ಲ. ಉಪಗ್ರಹಗಳ ಇಂಧನ ಉಳಿಸಲು ಮತ್ತು ಲೆಕ್ಕ ಸರಿಪಡಿಸಲು ಎರಡು ತಿಂಗಳು ಅವುಗಳನ್ನು ಬೇರೆ ಬೇರೆ ಹಾರಲು ಬಿಡಬೇಕೆಂದು ಸಮಿತಿ ತೀರ್ಮಾನಿಸಿತು. ಮಾರ್ತೆ ಒಂದು ತಿಂಗಳು ತಡೆಯೋಣವೆಂದು ವಾದಿಸಿದರು, ಯಾನುಷ್ ನಮ್ಮ ಪರ ಕೈ ಎತ್ತಿದ. ಯಾಕೆ ಎಂದು ಕೇಳಿದಾಗ ಇಬ್ಬರಿಗೂ ವೈಜ್ಞಾನಿಕ ಕಾರಣ ಕೊಡಲು ಆಗಲಿಲ್ಲ. ಹತ್ತು ದೇಶ ಸೇರಿ ನಿಮ್ಮ ಮಧ್ಯಾಹ್ನದ ನಿದ್ದೆಯನ್ನು ರದ್ದು ಮಾಡಿದವು. ನನಗೆ ಸಭೆಯಲ್ಲಿ ಕಣ್ಣಲ್ಲಿ ನೀರು ಬಂತು, ಎಲ್ಲರೂ ನಾನು ವಿಜ್ಞಾನದ ಮೇಲಿನ ಪ್ರೀತಿಯಿಂದ ಅಳುತ್ತಿದ್ದೇನೆ ಎಂದುಕೊಂಡರು.

ನಾಳೆಯಿಂದ ವೆಬ್‌ಸೈಟಿನಲ್ಲಿ ವೇಳಾಪಟ್ಟಿ ಇರುವುದಿಲ್ಲ. ಗುರುಪಾದ ಅಂಕಲ್ ನೋಡುತ್ತಾರೆ, ಅಬ್ಬಾನಿಗೆ ಹೇಳುತ್ತಾರೆ, ಭಾನುವಾರ ಅಬ್ಬಾ ನನ್ನನ್ನು ಸ್ಪೀಕರಿನಲ್ಲಿ ಕೇಳುತ್ತಾರೆ. ಕೇಳಿದರೆ ನಾನು ಸುಳ್ಳು ಹೇಳಲಾರೆ. ನಿಮಗಿನ್ನೂ ಐದಾರು ವಾರ ಇದೆ. ನಾನೇನು ಮಾಡಲಿ?

ಸೈಮಾ


ಮುಲುಂಡ್
1 ಜನವರಿ 2026

ಪ್ರೀತಿಯ ಸೈಮಾ,

ಹೇಳಿಬಿಡು. ನೀನು ಸುಳ್ಳು ಹೇಳಿ ನನ್ನನ್ನು ಮಲಗಿಸುವುದು ನನಗೂ ಬೇಡ.

ಭಾನುವಾರದವರೆಗೆ ಹೇಗೋ ನಡೆಯುತ್ತದೆ. ಆಮೇಲೆ ನಾನು ಏಳುತ್ತೇನೆ, ನಿಧಾನಕ್ಕೆ ಮಾಡುತ್ತೇನೆ, ಸ್ಟೂಲು ಹಾಕಿಕೊಂಡು ಕೂತು ರೊಟ್ಟಿ ಬಡಿಯುತ್ತೇನೆ. ಇಷ್ಟು ತಿಂಗಳು ಸಿಕ್ಕಿದ್ದೇ ದೊಡ್ಡದು. ನಿನ್ನೆ ಇದೇ ಯೋಚನೆಯಲ್ಲಿ ಅಕ್ಕಿ ತೊಳೆಯಲು ಎದ್ದೆ. ಅಮ್ಮಿ, "ಇವತ್ತ ಗ್ರಹಣ ಇಲ್ಲೇನ?" ಎಂದರು. ಅಕ್ಕಿ ಅಲ್ಲೇ ಬಿಟ್ಟು ಹೋಗಿ ಮಲಗಿದೆ. ಮೊದಲ ಸಲ ಅವರಿಗೆ ಮೋಸ ಮಾಡಿದೆ ಎನ್ನಿಸಿತು. ನಿದ್ದೆ ಬರಲಿಲ್ಲ.

ನನಗೆ ಸ್ವಲ್ಪ ಹೆದರಿಕೆ ಇದೆ. ಅಷ್ಟೆ.

ನಿನ್ನ
ಬುಷರಾ


ಶರೀಫ್ ಮಿಕ್ಸರ್ ರಿಪೇರಿ, ಮುಲುಂಡ್ ಸ್ಟೇಷನ್ ಹತ್ತಿರ
3 ಜನವರಿ 2026

ಪ್ರೀತಿಯ ಮಗಳು ಸೈಮಾಗೆ ಅಬ್ಬಾನ ದುವಾ.

ಬರೆಯುತ್ತಿರುವವನು ನಾನು, ಹೇಳುತ್ತಿರುವವಳು ನಿನ್ನ ಅಮ್ಮಿ ಸುಗರಾ ಬೇಗಂ. ಈ ಅಂಗಡಿ ತೆರೆದ ದಿನ ಬಂದವಳು ಈಗ ಎರಡನೇ ಸಲ ಬಂದಿದ್ದಾಳೆ. ರಿಕ್ಷಾ ಮಾಡಿಕೊಂಡು, ಮೊಣಕಾಲು ಹಿಡಿದುಕೊಂಡು ಬಂದು, ಗಿರಾಕಿಯ ಸ್ಟೂಲಿನ ಮೇಲೆ ಕೂತು, "ಸೈಮಾಗ ಕಾಗದ ಬರೀರಿ. ಮನ್ಯಾಗ ಬ್ಯಾಡ, ಬುಷರಾನ ಕಿವಿಗೆ ಬೀಳಬಾರದು" ಎಂದಳು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ. ಬರೆಯುತ್ತೇನೆ.

"ಸೈಮಾ, ನಿನ್ನ ಯಂತ್ರ ನಿಂತದ್ದು ನನಗ ಗುರುವಾರನ ಗೊತ್ತಾಗೇದ. ಗುರುಪಾದಣ್ಣ ಲಿಫ್ಟಿನ್ಯಾಗ ಹೇಳಿದ. ಅಂವಗ ಬಾಯಿ ಮುಚ್ಚಕೊಂಡ ಹಳೇ ವೇಳಾಪಟ್ಟಿನೇ ತಾರೀಖು ಬದಲಿಸಿ ಹಚ್ಚಂತ ಹೇಳೇನಿ. ಮೊದಲ ಒಲ್ಲೆ ಅಂದ. ಅವನ ಮಗಳಿಗೂ ಈಗ ದಿವಸ ತುಂಬ್ಯಾವ, ಬಾಣಂತನಕ್ಕ ಇಲ್ಲೇ ಬಂದಾಳ, ಅದನ್ನ ನೆನಪ ಮಾಡಿಕೊಟ್ಟೆ. ಸುಮ್ನ ಸೀಲ ಹೊಡದ.

"ನೆರಳ ಇಲ್ಲಿತನಕ ಬರಂಗಿಲ್ಲ ಅಂಬೋದು ನನಗ ಮೊದಲ ದಿನದಿಂದ ಗೊತ್ತದ. ಮೂವತ್ತು ವರ್ಷ ಗಚ್ಚಿ ಮ್ಯಾಲೆ ಅರಬಿ ಒಣಗ ಹಾಕೇನಿ. ಚಾದರದ ನೆರಳ ಎಲ್ಲಿತನಕ ಹೋಗ್ತದ ಅಂತ ನೋಡೀನಿಲ್ಲೇನ?

"ಬುಷರಾ ಮಂದಿ ಹೇಳಿದ್ರ ಮಲಗೋ ಹುಡುಗಿ ಅಲ್ಲ. ನಾ ಮಲಕೊ ಅಂದ್ರ ಇರಲಿ ಅಮ್ಮಿ ಅಂತಾಳ. ಇಜಾಜ ಹೇಳಿದ್ರ ನಗತಾಳ. ಆಕಿಗಿ ಸೂರ್ಯನೇ ಹೇಳಬೇಕಿತ್ತು. ಅಷ್ಟರಾಗ ಟಿವ್ಯಾಗ ನೀ ಬಂದಿ.

"ನೀ ನನ್ನ ಹೊಟ್ಟ್ಯಾಗ ಇದ್ದಾಗ ಒಂದು ಗ್ರಹಣ ಆತು. ತೊಂಬತ್ತೈದರಾಗ, ದೀಪಾವಳಿ ಅಮಾಸಿ ದಿನ. ಇಂಡಿ ಊರಾಗ ನಮ್ಮದು ತುಂಬಿದ ಮನಿ. ಬಾವಿ ನೀರು, ಜ್ವಾಳದ ರೊಟ್ಟಿ, ಎಮ್ಮಿ ಸಗಣಿ, ಎಲ್ಲಾ ನಾನ. ಆವತ್ತ ನಮ್ಮ ಅತ್ತಿ ನನ್ನ ಕತ್ತಲ ಕ್ವಾಣ್ಯಾಗ ಮಲಗಿಸಿ ಹೊರಗಿಂದ ಬಾಗಲಾ ಹಾಕಿದಳು. ಗ್ರಹಣ ಬಿಟ್ಟದ್ದು ಹತ್ತರ ಒಳಗ. ಯಾರೂ ಬಂದು ಎಬ್ಬಿಸಲಿಲ್ಲ. ನಾ ಮಧ್ಯಾಹ್ನತನಕ ಮಲಗಿದೆ. ಒಂಬತ್ತು ತಿಂಗಳದಾಗ ಅದೊಂದ ದಿನ ನಾ ಹಗಲಿನ್ಯಾಗ ನಿದ್ದಿ ಮಾಡಿದ್ದು. ಎದ್ದಾಗ ನೀ ಒಳಗ ಒದ್ದಿ. ಯಾ ಅಲ್ಲಾ, ಇಂಥ ಗ್ರಹಣ ದಿನಾ ಯಾಕ ಆಗಂಗಿಲ್ಲ ಅಂತ ಅತ್ತಿದ್ದೆ. ಆ ಅಳು ಯಾರಿಗೂ ಹೇಳಿರಲಿಲ್ಲ.

"ಅದಕ ಹೇಳತೇನಿ. ನಿನ್ನ ಗ್ರಹಣ ಬೇಕಾದ್ರ ನಿಲ್ಲಲಿ, ನನ್ನ ಮನಿಯದು ಕೂಸು ಹುಟ್ಟೂತನಕ ನಡೀತದ. ನಾಳೆ ಫೋನಿನ್ಯಾಗ ನೀ ಸುಳ್ಳ ಹೇಳಬ್ಯಾಡ, ನಿನಗ ಅದು ಬರಂಗೂ ಇಲ್ಲ, ಮುಖದ ಮ್ಯಾಲೆ ಕಾಣ್ತದ. ಯಾರರ ಗ್ರಹಣದ ಮಾತ ತೆಗದ ಕೂಡಲೆ ಫೋನ ಕಟ್ ಮಾಡು. ನೆಟ್ ಹೋತು ಅಂದ್ರಾತು. ಬುಷರಾಗ ಮಾತ್ರ ನನಗ ಗೊತ್ತದ ಅಂತ ಹೇಳಬ್ಯಾಡ. ಹೇಳಿದ್ರ ನಾಚಿ ಎದ್ದು ಭಾಂಡೆ ತಿಕ್ಕಾಕ ನಿಂದರತಾಳ."

ಇಷ್ಟು ಹೇಳಿಸಿ, ಚಹಾ ಕುಡಿದು, ಅವಳು ರಿಕ್ಷಾದಲ್ಲಿ ಹೋದಳು. ಇನ್ನು ನನ್ನ ಮಾತು.

ಮಗಳೇ, ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು. ಸೆಪ್ಟೆಂಬರಿನಿಂದ ನಾನು ಈರುಳ್ಳಿ ಹೆಚ್ಚುತ್ತಿದ್ದೇನೆ. ಮೌಲಾನಾ ಅವರ ಮುಂದೆ ಹೋಗಿ ಕೇಳಿ ಬಂದಿದ್ದೇನೆ. ಸ್ಟೇಷನ್ನಿನಲ್ಲಿ ಜನ ನನ್ನನ್ನು ಗ್ರಹಣ ಚಾಚಾ ಅನ್ನುತ್ತಾರೆ. ಪೆನ್ನು ಕೆಳಗಿಟ್ಟು ನಿನ್ನ ಅಮ್ಮಿಯನ್ನು ಕೇಳಿದೆ, "ಇಷ್ಟೆಲ್ಲಾ ನಾಟಕ ಯಾಕ ಬೇಕಿತ್ತು? ನನಗ ಒಂದು ಮಾತ ಸೀದಾ ಹೇಳಿದ್ರ ಆಗತಿರಲಿಲ್ಲೇನ?"

ಅವಳು ಸ್ಟೂಲಿನ ಮೇಲಿಂದ ನನ್ನನ್ನೇ ನೋಡಿ, "ತೊಂಬತ್ತೈದರಾಗ ಹೇಳಿದ್ದೆ" ಎಂದಳು.

ನಾನು ಸ್ವಲ್ಪ ಹೊತ್ತು ಮಿಕ್ಸರಿನ ಸ್ಕ್ರೂ ತಿರುಗಿಸುತ್ತಾ ಕೂತೆ. ಅದು ಆಗಲೇ ಬಿಗಿಯಾಗಿತ್ತು.

ಈಗ ಐದು ಹೊಡೆಯಿತು. ಗುರುಪಾದ ಅಂಟಿಸಿದ ಪಟ್ಟಿಯ ಪ್ರಕಾರ ಇವತ್ತಿನ ಗ್ರಹಣ ಆರಕ್ಕೆ ಶುರು. ಈ ಕಾಗದದ ಫೋಟೊ ತೆಗೆದು ನಿನ್ನ ವಾಟ್ಸಾಪಿಗೆ ಕಳಿಸಿ, ಅಂಗಡಿ ಮುಚ್ಚಿ ಹೊರಡುತ್ತೇನೆ, ಹೋಗಿ ಹಿಟ್ಟು ನಾದಬೇಕು.

ನಿನ್ನ ಅಬ್ಬಾ
ಶರೀಫ